ಅರಳುವ ಗುಂಡು, ಉರುಳುವ ಹದ್ದು

ಕಲ್ಕತ್ತೆಯ ಅಂಚಿನ ದಮ್‌ದಮ್ ಇಂದು ವಿಮಾನ ನಿಲ್ದಾಣದ ಹೆಸರಿನಿಂದ ಪರಿಚಿತ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದು ಬೇರೊಂದು ಕಾರಣಕ್ಕಾಗಿ ಕುಖ್ಯಾತವಾಗಿತ್ತು. ಹೊಗೆಯಿಲ್ಲದ ಮದ್ದು ಬಳಕೆಗೆ ಬಂದು ಗುಂಡಿನ ವೇಗ ಹೆಚ್ಚಿದಾಗ ಬರಿಯ ಸೀಸದ ಗುಂಡು ನಳಿಗೆಯೊಳಗೇ ಸವೆದು ಕೆಡತೊಡಗಿತು. ಆದ್ದರಿಂದ ಸೀಸಕ್ಕೆ ಗಟ್ಟಿ ಲೋಹದ ಕವಚ ತೊಡಿಸಲಾಯಿತು. ಕವಚ ತೊಟ್ಟ ಗುಂಡು ದೇಹವನ್ನು ಸೂಜಿಯಂತೆ ತೂರಿ ಹೋಗುತ್ತಿತ್ತು. 1895ರ ಚಿತ್ರಾಲ್ ಕಾಳಗದ ಬಳಿಕ, ಗುಂಡು ತಗುಲಿದರೂ ಪಠಾಣರು ಬೀಳುವುದಿಲ್ಲವೆಂದು ಬ್ರಿಟಿಷ್ ಸೈನಿಕರು ದೂರಿದರು. ದಮ್‌ದಮ್ ಶಸ್ತ್ರಾಗಾರದ ಮೇಲ್ವಿಚಾರಕನಾಗಿದ್ದ ಕ್ಯಾಪ್ಟನ್ ಬರ್ಟಿ-ಕ್ಲೇ ಕವಚದ ಮೊನೆಯನ್ನು ತೆರೆದು, ಒಳಗಿನ ಸೀಸ ಹೊರಗೆ ಇಣುಕುವಂತೆ ಮಾಡಿದ. ಅಂಥ ಗುಂಡು ಮಾಂಸಕ್ಕೆ ತಗುಲಿದೊಡನೆ ಅಣಬೆಯಂತೆ ಅರಳಿ, ಹೊಕ್ಕ ರಂಧ್ರಕ್ಕಿಂತ ಹಲವು ಪಟ್ಟು ದೊಡ್ಡ ಗಾಯವನ್ನು ಮಾಡುತ್ತಿತ್ತು. 1899ರ ಹೇಗ್ ಸಮಾವೇಶವು ಯುದ್ಧದಲ್ಲಿ ಇಂಥ ಗುಂಡುಗಳ ಬಳಕೆಯನ್ನು ನಿಷೇಧಿಸಿತು.

ಮನುಷ್ಯನ ಮೇಲೆ ಹಾರಿಸಬಾರದೆಂದು ರಾಷ್ಟ್ರಗಳು ಒಪ್ಪಿಕೊಂಡ ಗುಂಡನ್ನೇ ಪ್ರಾಣಿಗಳ ಮೇಲೆ ಹಾರಿಸಬೇಕೆಂದು ಅಮೆರಿಕದ ಹಲವು ರಾಜ್ಯಗಳ ಬೇಟೆ ನಿಯಮಗಳು ಹೇಳುತ್ತವೆ. ಜಿಂಕೆ, ಎಲ್ಕ್ ಮುಂತಾದ ದೊಡ್ಡ ಪ್ರಾಣಿಗಳಿಗೆ ಅರಳುವ ಗುಂಡು ಕಡ್ಡಾಯ. ಪೂರ್ಣ ಕವಚದ ಸೈನಿಕ ಗುಂಡು ನಿಷಿದ್ಧ. ಇದರಲ್ಲಿ ವಿರೋಧಾಭಾಸವಿದೆಯೆಂದು ನಗುವವರು ತಪ್ಪು ತಿಳಿದಿದ್ದಾರೆ. ಸೈನಿಕನನ್ನು ಗಾಯಗೊಳಿಸಿ ಕದನದಿಂದ ಹೊರಗಿಟ್ಟರೆ ಸಾಕು; ಅವನಿಗೆ ಆಸ್ಪತ್ರೆಯಿದೆ. ಗಾಯಗೊಂಡ ಎಲ್ಕ್‌ಗೆ ಆಸ್ಪತ್ರೆಯಿಲ್ಲ. ಮಲೆನಾಡಿನ ಕಡವೆಗೆ ಅಣ್ಣನಂತಿರುವ ಆ ಪ್ರಾಣಿಯನ್ನು ಕೊಲ್ಲುವುದೇ ಆದರೆ ಕ್ಷಣಮಾತ್ರದಲ್ಲಿ ಕೊಲ್ಲಬೇಕು, ತೂತು ಬಿದ್ದ ಶ್ವಾಸಕೋಶ ಹೊತ್ತು ಎರಡು ದಿನ ಪೊದೆಯಲ್ಲಿ ನರಳುವಂತೆ ಬಿಡಬಾರದು. ಗುಂಡು ನಂಬಿಕೆಗೆ ತಪ್ಪದಂತೆ ಅರಳಬೇಕೆಂಬ ಬೇಟೆಗಾರನ ಬೇಡಿಕೆ ಈ ಮಟ್ಟಿಗೆ ನ್ಯಾಯವಾದುದೇ. ತಕರಾರು ಇರುವುದು ಆ ಬೇಡಿಕೆಯನ್ನು ಎಷ್ಟು ದೂರಕ್ಕೆ ಎಳೆಯಲಾಗುತ್ತಿದೆ, ಅದರ ಬೆಲೆಯನ್ನು ಯಾರು ತೆರುತ್ತಿದ್ದಾರೆ ಎಂಬುದರಲ್ಲಿ.

ಗುಂಡು ಅರಳುವುದು ವೇಗದಿಂದ. ವೇಗ ಅತಿಯಾದರೆ ಅದು ಅರಳುವ ಬದಲು ಒಡೆದು ಚೂರಾಗುತ್ತದೆ. ವೇಗ ಕುಂದಿದರೆ ಅರಳದೆಯೇ ತೂರಿ ಹೋಗುತ್ತದೆ. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯದಲ್ಲಿ ಜಾನ್ ನೋಸ್ಲರ್ ಎಂಬಾತ ಹಾರಿಸಿದ ಗುಂಡುಗಳು ಮೈಯೆಲ್ಲ ಕೆಸರು ಮೆತ್ತಿ ಒಣಗಿದ್ದ ಮೂಸ್ ಒಂದರ ಚರ್ಮದ ಮಟ್ಟದಲ್ಲೇ ಪುಡಿಯಾದವು. ಆ ಪ್ರಸಂಗದಿಂದ ಹುಟ್ಟಿದ್ದು ಎರಡು ಕೋಣೆಯ ಗುಂಡು: ಮುಂದಿನ ಕೋಣೆಯ ಸೀಸ ಅರಳುತ್ತದೆ, ನಡುವಿನ ಲೋಹದ ಅಡ್ಡಗೋಡೆ ಹಿಂದಿನ ಅರ್ಧವನ್ನು ಕಾಪಾಡುತ್ತದೆ. 1948ರಲ್ಲಿ ಅದು ಮಾರಾಟಕ್ಕೆ ಬಂದಿತು, ಇಂದಿಗೂ ಮಾರಾಟವಾಗುತ್ತಿದೆ. ಅಲ್ಲಿಂದಾಚೆಗೆ ಬೇಟೆಗುಂಡಿನ ವಿನ್ಯಾಸವೆಲ್ಲ ಇದೊಂದೇ ಹಗ್ಗದ ಮೇಲಿನ ನಡಿಗೆ.

ಆ ಹಗ್ಗವನ್ನು ದೂರ ಎಂಬುದು ಹೇಗೆ ಎಳೆಯುತ್ತದೆಂದು ಲೆಕ್ಕ ಹಾಕಬಹುದು. ಸಾಮಾನ್ಯ ಬೇಟೆ ರೈಫಲಿನ ಸುಮಾರು 11.7 ಗ್ರಾಂ ತೂಕದ ಗುಂಡು ನಳಿಗೆಯಿಂದ ಸೆಕೆಂಡಿಗೆ 820 ಮೀಟರ್ ವೇಗದಲ್ಲಿ ಹೊರಡುತ್ತದೆ ಎನ್ನೋಣ. ಗಾಳಿಯ ತಡೆಯಿಂದಾಗಿ 300 ಮೀಟರ್ ದೂರದಲ್ಲಿ ಆ ವೇಗ ಸುಮಾರು 640ಕ್ಕೆ, 500 ಮೀಟರಿನಲ್ಲಿ 540ರ ಆಸುಪಾಸಿಗೆ, 700 ಮೀಟರಿನಲ್ಲಿ 440ರ ಹತ್ತಿರಕ್ಕೆ ಇಳಿಯುತ್ತದೆ. ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾದ್ದರಿಂದ 700 ಮೀಟರಿನಲ್ಲಿ ಉಳಿಯುವುದು ಹೊರಟಾಗಿನ ಶಕ್ತಿಯ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ನೋಸ್ಲರನ ಎರಡು ಕೋಣೆಯ ಗುಂಡನ್ನೂ ಸೇರಿ ಹಲವು ಗುಂಡುಗಳು ಅರಳಲು ಕನಿಷ್ಠ 550 ಮೀಟರ್ ವೇಗ ಬೇಕೆಂದು ತಯಾರಕರೇ ಹೇಳುತ್ತಾರೆ. ಎಂದರೆ ಸುಮಾರು 500 ಮೀಟರಿನಾಚೆ ಅದೇ ಗುಂಡು ದಮ್‌ದಮ್‌ಗೆ ಹಿಂದಿನ ಸೂಜಿಯಾಗಿಬಿಡುತ್ತದೆ.

ಇಲ್ಲಿಗೆ ನಿಲ್ಲಬಹುದಿತ್ತು, ನಿಲ್ಲಲಿಲ್ಲ. ಅಮೆರಿಕದ ಪಶ್ಚಿಮ ಬೆಟ್ಟಗಳಲ್ಲಿ ಕಳೆದ ಎರಡು ದಶಕಗಳಿಂದ ದೂರಬೇಟೆ ಎಂಬ ಗೀಳು ಬೆಳೆದಿದೆ. ಲೇಸರ್ ದೂರಮಾಪಕ, ಗಾಳಿ ಅಳೆಯುವ ಯಂತ್ರ, ಗುಂಡಿನ ಪಥವನ್ನು ಲೆಕ್ಕ ಹಾಕುವ ಮೊಬೈಲ್ ತಂತ್ರಾಂಶ, ದೂರದರ್ಶಕ, ಇವೆಲ್ಲವನ್ನೂ ಹೊತ್ತು ಎದುರು ಬೆಟ್ಟದ ಇಳಿಜಾರಿನಲ್ಲಿ ಮೇಯುವ ಪ್ರಾಣಿಯನ್ನು 700, 800 ಮೀಟರಿನಿಂದ ಹೊಡೆದುರುಳಿಸುವುದು; ಅದರ ಚಿತ್ರೀಕರಣ ಮಾಡಿ ತೋರಿಸುವುದು. ಇದನ್ನು ನಿಖರತೆಯ ನೀತಿ ಎಂದು ಕರೆಯುವವರೂ ಇದ್ದಾರೆ. ಹತ್ತಿರದಿಂದ ಕೆಟ್ಟದಾಗಿ ಹೊಡೆಯುವುದಕ್ಕಿಂತ ದೂರದಿಂದ ಸರಿಯಾಗಿ ಹೊಡೆಯುವುದು ಮೇಲಲ್ಲವೇ ಎಂಬುದು ಅವರ ವಾದ. ಮಾತು ಚೆಂದವಿದೆ. ಆದರೆ 700 ಮೀಟರ್ ಕ್ರಮಿಸಲು ಆ ಗುಂಡಿಗೆ ಒಂದು ಸೆಕೆಂಡಿಗೂ ತುಸು ಹೆಚ್ಚು ಕಾಲ ಬೇಕು. ಅಷ್ಟರಲ್ಲಿ ಅದು ನಳಿಗೆಯ ನೇರದಿಂದ ಐದಾರು ಮೀಟರ್ ಕೆಳಗೆ ಬಾಗಿರುತ್ತದೆ. ಗಂಟೆಗೆ 16 ಕಿಲೋಮೀಟರಿನ ಅಡ್ಡಗಾಳಿ ಅದನ್ನು ಒಂದು ಮೀಟರಿಗೂ ಹೆಚ್ಚು ಪಕ್ಕಕ್ಕೆ ತಳ್ಳುತ್ತದೆ. ಕಣಿವೆಯ ಈ ದಡದ ಗಾಳಿಯನ್ನು ಅಳೆಯಬಹುದು, ನಡುವಿನ ಗಾಳಿಯನ್ನು ಅಳೆಯುವವರಾರು? ಯಂತ್ರ ಎಲ್ಲವನ್ನೂ ಸರಿಯಾಗಿಯೇ ಹೇಳಿತೆನ್ನೋಣ. ಎಲ್ಕ್ ಆ ಒಂದು ಸೆಕೆಂಡಿನಲ್ಲಿ ಒಂದು ಹೆಜ್ಜೆ ಮುಂದಿಟ್ಟರೆ ಎದೆಗೆ ಹೊರಟದ್ದು ಹೊಟ್ಟೆಗೆ ಬೀಳುತ್ತದೆ. ಮೇಯುವ ಪ್ರಾಣಿ ಹೆಜ್ಜೆಯಿಡುವುದು ಅದರ ಅಪರಾಧವೇ?

ಇದನ್ನು ಖಂಡಿಸಿದವರೆಲ್ಲ ಬೇಟೆವಿರೋಧಿಗಳೂ ಅಲ್ಲ. ಥಿಯೊಡೋರ್ ರೂಸ್‌ವೆಲ್ಟ್ 1887ರಲ್ಲಿ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಬೇಟೆಗಾರರದೇ ಸಂಸ್ಥೆ. ದೂರಗುಂಡಿನ ಹಾರಾಟವು ಪ್ರಾಣಿಗೆ ತನ್ನ ಇಂದ್ರಿಯಗಳನ್ನು ಬಳಸಿ ಅಪಾಯವನ್ನರಿಯುವ ಅವಕಾಶವನ್ನೇ ಕಸಿಯುತ್ತದೆ ಎಂದು ಅದು ಆಕ್ಷೇಪಿಸಿದೆ. ಐಡಾಹೊ ರಾಜ್ಯವು ದೊಡ್ಡ ಬೇಟೆಗೆ 16 ಪೌಂಡಿಗಿಂತ, ಎಂದರೆ ಸುಮಾರು ಏಳೂಕಾಲು ಕಿಲೋಗಿಂತ ಭಾರವಾದ ಕೋವಿಯನ್ನು ಒಯ್ಯಬಾರದೆಂದು ನಿಯಮ ಮಾಡಿದೆ. ಫಿರಂಗಿ ಹೊತ್ತು ಬರುವವರನ್ನು ತಡೆಯಲು ಇದೊಂದು ಸರಳೋಪಾಯ. ಮಲೆನಾಡಿನಲ್ಲಿ ಹಿಂದೆ ಕೇಪಿನ ಕೋವಿ ಹಿಡಿದು ಮರಸಿಗೆ ಕೂರುತ್ತಿದ್ದವರ ಬೇಟೆಯನ್ನು ಇಲ್ಲಿ ಸಮರ್ಥಿಸಬೇಕಿಲ್ಲ. 1972ರ ವನ್ಯಜೀವಿ ಕಾಯಿದೆ ಅದಕ್ಕೆ ತೆರೆ ಎಳೆದಿದೆ, ಎಳೆದದ್ದು ಸರಿಯೂ ಹೌದು. ಆದರೆ ಗಾಳಿ ಯಾವ ಕಡೆಗಿದೆ, ಒಣಗಿದ ಎಲೆ ಎಲ್ಲಿದೆ ಎಂದು ಅರಿಯದವನಿಗೆ ಆಗ ಪ್ರಾಣಿ ಸಿಗುತ್ತಿರಲಿಲ್ಲ. ಹತ್ತಿರ ಸುಳಿಯಲಾರದವನ ಅಸಾಮರ್ಥ್ಯಕ್ಕೆ ಗುಂಡಿನೊಳಗೆ ಪರಿಹಾರ ಹುಡುಕುವುದೇ ಈ ಹೊಸ ಗೀಳಿನ ತಿರುಳು.

ಪರಿಹಾರ ಸಿಕ್ಕಿದೆಯೆಂದು ತಯಾರಕರು ಹೇಳುತ್ತಾರೆ. ಕವಚವನ್ನು ತೆಳುವಾಗಿಸಿ, ಸೀಸವನ್ನು ಮೃದುವಾಗಿಸಿ, ಮೊನೆಯಲ್ಲಿ ಟೊಳ್ಳು ಬಿಟ್ಟು ಅದಕ್ಕೆ ಪ್ಲಾಸ್ಟಿಕ್ ಮೂತಿ ಸಿಕ್ಕಿಸಿದರೆ, ಸೆಕೆಂಡಿಗೆ 400 ಮೀಟರಿನಷ್ಟು ಮಂದಗತಿಯಲ್ಲೂ ಅರಳುವ ಗುಂಡನ್ನು ಮಾಡಬಹುದು. (ಆ ಪ್ಲಾಸ್ಟಿಕ್ ಮೂತಿ ಹಾರಾಟದಲ್ಲಿ ಗಾಳಿಯ ಶಾಖಕ್ಕೆ ಮೆತ್ತಗಾಗಿ ಆಕಾರ ಕೆಡುತ್ತದೆಂದು ರಾಡಾರ್ ಅಳತೆಗಳಿಂದ ಗೊತ್ತಾದಾಗ, 2015ರಲ್ಲಿ ಶಾಖ ತಾಳುವ ಮೂತಿಯೂ ಬಂದಿತು. ಜಾಣತನಕ್ಕೇನೂ ಕೊರತೆಯಿಲ್ಲ.) ಆದರೆ 800 ಮೀಟರಿಗೆಂದು ಮೃದುಗೊಳಿಸಿದ ಗುಂಡು ಕೋವಿಯಲ್ಲಿರುವಾಗ ಪ್ರಾಣಿ 100 ಮೀಟರಿನಲ್ಲೇ ಎದುರಾದರೆ? ಬಹುಪಾಲು ಬೇಟೆಗಾರರಿಗೆ ಪ್ರಾಣಿ ಸಿಗುವುದು ಹೀಗೆ ಹತ್ತಿರದಲ್ಲೇ. ಆಗ ಆ ಗುಂಡು ಅರಳುವುದಿಲ್ಲ, ಸಿಡಿಯುತ್ತದೆ. ನೋಸ್ಲರನ ಕಾಲದ ದೋಷವೇ ಗುಣವೆಂಬ ಹಣೆಪಟ್ಟಿ ಹಚ್ಚಿಕೊಂಡು ಮರಳಿ ಬಂದಿದೆ. ದೂರಕ್ಕೆ ವಿಶ್ವಾಸಾರ್ಹವೆಂದರೆ ಹತ್ತಿರಕ್ಕೆ ಪುಡಿಯಾಗುವುದು. ಪುಡಿಯಾಗುವುದು ಸೀಸ.

ಸೀಸದ ಚೂರುಗಳು ಎಲ್ಲಿಗೆ ಹೋಗುತ್ತವೆ ಎಂಬುದನ್ನು ಕ್ಷಕಿರಣ ತೋರಿಸಿದೆ. ಕೊಂದ ಜಿಂಕೆಯ ಕರುಳು, ಜಠರ, ಶ್ವಾಸಕೋಶಗಳನ್ನು ಬೇಟೆಗಾರರು ಸ್ಥಳದಲ್ಲೇ ಬಗೆದು ಬಿಟ್ಟುಹೋಗುತ್ತಾರೆ. ಪೆರಿಗ್ರಿನ್ ಫಂಡ್ ಎಂಬ ಪಕ್ಷಿ ಸಂರಕ್ಷಣಾ ಸಂಸ್ಥೆಯ ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೀಗೆ ಬಿಟ್ಟುಹೋದ 20 ರಾಶಿಗಳ ಪೈಕಿ 18ರಲ್ಲಿ ಲೋಹದ ಚೂರುಗಳಿದ್ದವು. 2009ರ ಇನ್ನೊಂದು ಅಧ್ಯಯನದಲ್ಲಿ, ಸೀಸದ ಗುಂಡಿನಿಂದ ಕೊಂದು ಕರುಳು ಬಗೆದ 30 ಜಿಂಕೆಗಳ ದೇಹದಲ್ಲಿ ಸರಾಸರಿ 136 ಚೂರುಗಳು ಕಂಡವು, ಒಂದರಲ್ಲಂತೂ 409. ಅನೇಕವು ಕಣ್ಣಿಗೆ ಕಾಣದಷ್ಟು ಸಣ್ಣವು, ಬೆರಳಿಗೆ ಸಿಗದಂಥವು.

ಹದ್ದಿನ ಜಠರಕ್ಕೆ ಅವು ಸಿಗುತ್ತವೆ. ಸತ್ತ ಪ್ರಾಣಿಯನ್ನು ತಿನ್ನುವ ಪಕ್ಷಿಗಳ ಜಠರರಸ ಮೂಳೆಯನ್ನೂ ಕರಗಿಸುವಷ್ಟು ತೀಕ್ಷ್ಣವಾದ ಆಮ್ಲ. ಅದರಲ್ಲಿ ಕರಗಿದ ಸೀಸ ಸುಣ್ಣದಂಶದ ವೇಷ ಹಾಕಿ ರಕ್ತವನ್ನೂ ನರಗಳನ್ನೂ ಮೂಳೆಗಳನ್ನೂ ಸೇರುತ್ತದೆ. ಅನ್ನಾಂಗದ ನರಗಳು ಸೋಲುತ್ತವೆ. ಗಂಟಲಚೀಲ ತುಂಬ ಮಾಂಸವಿಟ್ಟುಕೊಂಡು ಹಕ್ಕಿ ಹಸಿವಿನಿಂದ ಸಾಯುತ್ತದೆ. ಇದನ್ನು ಜಗತ್ತಿಗೆ ತಿಳಿಸಿದ್ದು ಕ್ಯಾಲಿಫೋರ್ನಿಯದ ಕಾಂಡೋರ್ ಎಂಬ ದೈತ್ಯ ರಣಹದ್ದಿನ ದುರಂತ. 1982ರಲ್ಲಿ ಲೋಕದಲ್ಲಿ ಉಳಿದಿದ್ದವು 22 ಕಾಂಡೋರ್‌ಗಳು. 1987ರಲ್ಲಿ ಕಾಡಿನ ಕೊನೆಯ ಹಕ್ಕಿಯನ್ನೂ ಹಿಡಿದು ಪಂಜರಕ್ಕೆ ಸೇರಿಸಲಾಯಿತು. ಆಗ ಒಟ್ಟು ಸಂಖ್ಯೆ 27. ಅಲ್ಲಿ ಸಾಕಿ ಬೆಳೆಸಿ 1992ರಿಂದ ಮತ್ತೆ ಹಾರಬಿಡಲಾಯಿತು. ಇಂದು ಕಾಡಿನಲ್ಲಿ 300ಕ್ಕೂ ಹೆಚ್ಚಿವೆ. ಆದರೆ ಈ ಕಾಡುಹಕ್ಕಿಗಳನ್ನು ಆಗಾಗ ಬಲೆಗೆ ಕೆಡವಿ ರಕ್ತಪರೀಕ್ಷೆ ಮಾಡಿ, ಸೀಸ ಹೆಚ್ಚಿದ್ದರೆ ಅದನ್ನು ಹೊರಹಾಕುವ ಔಷಧಿ ಚುಚ್ಚಿ ಬಿಡಬೇಕಾಗಿದೆ. ಆಸ್ಪತ್ರೆಯ ರೋಗಿಯನ್ನು ವನ್ಯಜೀವಿಯೆಂದು ಕರೆಯಬೇಕಾದ ಸ್ಥಿತಿ. ಆರೆಂಟು ವರ್ಷಕ್ಕೆ ಪ್ರಾಯಕ್ಕೆ ಬಂದು, ಒಂದು ಸಲಕ್ಕೆ ಒಂದೇ ಮೊಟ್ಟೆಯಿಡುವ ಪಕ್ಷಿಯ ವಂಶ ಇಂಥ ಸಾವುಗಳನ್ನು ತುಂಬಿಕೊಳ್ಳಲಾರದು. ರಕ್ತದಲ್ಲಿನ ಸೀಸದ ಸಮಸ್ಥಾನಿಗಳನ್ನು ಗುಂಡಿನ ಸೀಸದೊಡನೆ ತಾಳೆ ನೋಡಿದ ಮೇಲೆ, ವಿಷದ ಮೂಲ ಯಾವುದೆಂಬ ಚರ್ಚೆಗೆ ಹೆಚ್ಚು ಅವಕಾಶ ಉಳಿದಿಲ್ಲ.

ಕಾಂಡೋರ್ ಅಪರೂಪದ ಪಕ್ಷಿ, ಅದರ ಪ್ರಶ್ನೆ ಬೇರೆ ಎನ್ನುವವರಿಗೆ 2022ರಲ್ಲಿ ಉತ್ತರ ಬಂದಿತು. ಅಮೆರಿಕದ 38 ರಾಜ್ಯಗಳಿಂದ 1,210 ಹದ್ದುಗಳನ್ನು ಪರೀಕ್ಷಿಸಿದ ತಂಡವು ಸೈನ್ಸ್ ಪತ್ರಿಕೆಯಲ್ಲಿ ವರದಿ ಮಾಡಿದಂತೆ, ಬೋಳುತಲೆ ಹದ್ದು ಮತ್ತು ಹೊನ್ನ ಹದ್ದುಗಳಲ್ಲಿ ಸುಮಾರು ಅರ್ಧದಷ್ಟರ ಮೂಳೆಗಳಲ್ಲಿ ದೀರ್ಘಕಾಲದ ಸೀಸವಿಷದ ಗುರುತಿತ್ತು. ಬೋಳುತಲೆ ಹದ್ದು ಆ ದೇಶದ ರಾಷ್ಟ್ರಲಾಂಛನ ಎಂಬುದನ್ನು ಬೇರೆ ಹೇಳಬೇಕೆ?

ಇನ್ನು ಮನುಷ್ಯರ ಮಾತು. 2008ರಲ್ಲಿ ನಾರ್ತ್ ಡಕೋಟ ರಾಜ್ಯದಲ್ಲಿ, ಬೇಟೆಗಾರರು ಬಡವರಿಗೆಂದು ದಾನ ಕೊಟ್ಟ ಕೊಚ್ಚಿದ ಜಿಂಕೆ ಮಾಂಸದ ಪೊಟ್ಟಣಗಳಲ್ಲಿ ಸೀಸದ ಚೂರುಗಳು ಕಂಡು, ಅದನ್ನು ಹಂಚದೆ ಎಸೆಯಬೇಕಾಯಿತು. ಬಳಿಕ 738 ಜನರ ರಕ್ತ ಪರೀಕ್ಷಿಸಿದಾಗ ಬೇಟೆಮಾಂಸ ತಿನ್ನುವವರಲ್ಲಿ ತಿನ್ನದವರಿಗಿಂತ ಸೀಸ ಹೆಚ್ಚಿತ್ತು. ವ್ಯತ್ಯಾಸ ಸಣ್ಣದು, ಆಗ ಅಪಾಯಕಾರಿಯೆಂದು ಎಣಿಸುತ್ತಿದ್ದ ಮಟ್ಟವನ್ನು ಯಾರೂ ಮುಟ್ಟಿರಲಿಲ್ಲ ಎಂಬುದನ್ನು ಮರೆಮಾಚಬೇಕಿಲ್ಲ. ಆದರೆ ಮಕ್ಕಳ ಮಿದುಳಿಗೆ ಇಷ್ಟು ಸೀಸ ಸುರಕ್ಷಿತವೆಂಬ ಮಟ್ಟವೇ ಇಲ್ಲವೆಂದು ವೈದ್ಯಲೋಕ ಒಪ್ಪಿಯಾಗಿದೆ. ಬಣ್ಣದಿಂದ, ಪೆಟ್ರೋಲಿನಿಂದ ಸೀಸವನ್ನು ಹೊರಗಟ್ಟಿದ ದೇಶ ಊಟದ ತಟ್ಟೆಗೆ ಅದನ್ನು ಗುಂಡಿನ ಮೂಲಕ ತಂದುಕೊಳ್ಳುತ್ತಿದೆ. ಮಾಂಸ ದಾನ ಮಾಡಿದವರು ಸಜ್ಜನರೇ. ಅವರಿಗೆ ಯಾರೂ ಕ್ಷಕಿರಣ ತೋರಿಸಿರಲಿಲ್ಲ. ಈಗ ತೋರಿಸಿಯಾಗಿದೆ.

ಹಾಗಾದರೆ ಬೇರೆ ಗುಂಡಿಲ್ಲವೇ? ಇದೆ. ಪೂರ್ತಿ ತಾಮ್ರದ ಅರಳುವ ಗುಂಡು 1980ರ ದಶಕದ ಕೊನೆಯಿಂದಲೂ ಮಾರುಕಟ್ಟೆಯಲ್ಲಿದೆ. ಅದರ ಮೊನೆಯ ಟೊಳ್ಳಿಗೆ ಅಂಗಾಂಶದ ದ್ರವ ನುಗ್ಗಿದಾಗ ಅದು ನಾಲ್ಕು ದಳಗಳಾಗಿ ಹಿಂದಕ್ಕೆ ಬಾಗುತ್ತದೆ. ಸಾಮಾನ್ಯವಾಗಿ ಚೂರಾಗದೆ, ತೂಕವನ್ನು ಬಹುಮಟ್ಟಿಗೆ ಉಳಿಸಿಕೊಂಡು ಆಚೆಗೆ ಹೊರಡುತ್ತದೆ. ಮೊದಲ ಪೀಳಿಗೆಯ ತಾಮ್ರದ ಗುಂಡುಗಳಲ್ಲಿ ಕೆಲವು ಅರಳದೆ ತೂರಿದ್ದುಂಟು, ನಳಿಗೆಗೆ ತಾಮ್ರ ಮೆತ್ತಿಸಿದ್ದೂ ಉಂಟು. ಮುಂದಿನ ಪೀಳಿಗೆಗಳು ಆ ದೋಷಗಳನ್ನು ಬಹಳಷ್ಟು ತಿದ್ದಿಕೊಂಡಿವೆ. ಡೆನ್ಮಾರ್ಕಿನಲ್ಲಿ ಆರುನೂರಕ್ಕೂ ಹೆಚ್ಚು ಬೇಟೆಪ್ರಾಣಿಗಳ ಮೇಲೆ ಎರಡೂ ಬಗೆಯ ಗುಂಡುಗಳನ್ನು ಹೋಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನ, ಕೊಲ್ಲುವ ಕೆಲಸದಲ್ಲಿ ತಾಮ್ರವು ಸೀಸಕ್ಕೆ ಕಡಿಮೆಯಿಲ್ಲವೆಂದು ಕಂಡಿತು.

ಹಾಗಿದ್ದೂ ತಾಮ್ರವೆಂದರೆ ದೂರಬೇಟೆಯವರು ಮೂಗು ಮುರಿಯುವುದೇಕೆ? ಅವರ ಕಾರಣ ಸುಳ್ಳಲ್ಲ. ತಾಮ್ರದ ಸಾಂದ್ರತೆ ಘನ ಸೆಂಟಿಮೀಟರಿಗೆ 9 ಗ್ರಾಂ, ಸೀಸದ್ದು 11.3. ಅಷ್ಟೇ ತೂಕಕ್ಕೆ ತಾಮ್ರದ ಗುಂಡು ಉದ್ದವಾಗಬೇಕು, ಉದ್ದವಾದದ್ದು ಸ್ಥಿರವಾಗಿ ಹಾರಲು ನಳಿಗೆಯ ತಿರುಚು ಹೆಚ್ಚಬೇಕು. ತಾಮ್ರ ಸೀಸಕ್ಕಿಂತ ಗಡುಸು. ಅದು ಅರಳಲು ಹೆಚ್ಚಿನ ವೇಗ ಬೇಕು. ಹೀಗಾಗಿ ಸಾಮಾನ್ಯ ಕೋವಿಗಳಲ್ಲಿ ತಾಮ್ರವನ್ನು ಧೈರ್ಯವಾಗಿ ನಂಬಬಹುದಾದ ದೂರ ಸುಮಾರು 300ರಿಂದ 450 ಮೀಟರ್. ಅದರಾಚೆಗೆ ಸೀಸವೇ ಬೇಕು ಎನ್ನುತ್ತಾರೆ. ಒಪ್ಪೋಣ. ಆದರೆ ಆ ಮಾತನ್ನು ಅವರೇ ಇನ್ನೊಮ್ಮೆ ಕೇಳಿಸಿಕೊಳ್ಳಲಿ. ಪ್ರಾಣಿಯ ಹತ್ತಿರ ಹೋಗಲು ಒಲ್ಲೆವು, ಆದ್ದರಿಂದ ಹದ್ದುಗಳು ಸಾಯಲಿ ಎಂಬುದಲ್ಲದೆ ಅದರ ಅರ್ಥ ಬೇರೇನು?

ಗುಂಡನ್ನು ಆರಿಸುವ ಕ್ರಮವೇ ಅಲ್ಲಿ ತಲೆಕೆಳಗಾಗಿದೆ. ಮೊದಲು ದೂರವನ್ನು ನಿಶ್ಚಯಿಸುತ್ತಾರೆ, ಆ ದೂರದಲ್ಲಿ ಅರಳುವಂಥದನ್ನು ಅರಸುತ್ತಾರೆ, ಅದು ಯಾವ ಲೋಹವೆಂಬುದು ಕೊನೆಯ ಮಾತು. ಆಗಬೇಕಾದದ್ದು ಇದರ ವಿರುದ್ಧ. ಮೊದಲು ಲೋಹ: ಸೀಸ ಬೇಡ. ಆಮೇಲೆ ಆ ಗುಂಡು ಅರಳಲು ಬೇಕಾದ ಕನಿಷ್ಠ ವೇಗವೆಷ್ಟೆಂದು ಪೆಟ್ಟಿಗೆಯ ಮೇಲೆ, ತಯಾರಕರ ಪಟ್ಟಿಯಲ್ಲಿ ನೋಡಿ, ಅದಕ್ಕಿಂತ ಐವತ್ತರವತ್ತು ಮೀಟರ್ ಹೆಚ್ಚಿಟ್ಟುಕೊಂಡು, ತನ್ನ ಕೋವಿಯಲ್ಲಿ ಅಷ್ಟು ವೇಗ ಎಷ್ಟು ದೂರದವರೆಗೆ ಉಳಿಯುತ್ತದೆಂದು ಲೆಕ್ಕ ಹಾಕುವುದು. ಆ ದೂರವೇ ಎಲ್ಲೆ. ಪ್ರಾಣಿ ಎಲ್ಲೆಯಾಚೆಗಿದ್ದರೆ ನಡೆದು ಹತ್ತಿರ ಹೋಗುವುದು. ಹೋಗಲಾಗದಿದ್ದರೆ ಮನೆಗೆ ಮರಳುವುದು. ಈ ಲೆಕ್ಕಕ್ಕೆ ಅದೇ ಮೊಬೈಲ್ ತಂತ್ರಾಂಶ ಸಾಕು.

ಇದೆಲ್ಲ ಬೇಟೆಯನ್ನೇ ನಿಲ್ಲಿಸುವ ಒಳಸಂಚು ಎಂಬ ಕೂಗೂ ಇದೆ. ಆ ಕೂಗಿಗೆ ಅಧಿಕಾರ ತಲೆಬಾಗಿದ್ದೂ ಇದೆ: ರಾಷ್ಟ್ರೀಯ ವನ್ಯಧಾಮಗಳಲ್ಲಿ ಸೀಸದ ಗುಂಡನ್ನು ಹಂತಹಂತವಾಗಿ ಬಿಡಬೇಕೆಂದು 2017ರ ಜನವರಿಯಲ್ಲಿ ಹೊರಟ ಆದೇಶವನ್ನು ಅದೇ ವರ್ಷದ ಮಾರ್ಚ್‌ನಲ್ಲಿ ಹೊಸ ಸರ್ಕಾರ ರದ್ದು ಮಾಡಿತು. ಆದರೆ ಸ್ಟೆಲ್ಲರ್ ಸಮುದ್ರಹದ್ದುಗಳು ಸಾಯುವುದನ್ನು ಕಂಡು ಜಪಾನಿನ ಹೊಕ್ಕೈಡೊ ದ್ವೀಪ 2000ದಲ್ಲಿಯೇ ಜಿಂಕೆ ಬೇಟೆಗೆ ಸೀಸದ ರೈಫಲ್ ಗುಂಡನ್ನು ನಿಷೇಧಿಸಿತು. ಅಲ್ಲಿ ಜಿಂಕೆ ಬೇಟೆ ನಿಂತಿಲ್ಲ. ಕ್ಯಾಲಿಫೋರ್ನಿಯ 2013ರಲ್ಲಿ ಕಾಯಿದೆ ಮಾಡಿ 2019ರ ಜುಲೈ 1ರಿಂದ ರಾಜ್ಯದಾದ್ಯಂತ ಎಲ್ಲ ಬೇಟೆಗೂ ಸೀಸವನ್ನು ತಡೆಯಿತು. ಅಲ್ಲಿಯೂ ಬೇಟೆ ನಿಂತಿಲ್ಲ. ಡೆನ್ಮಾರ್ಕ್ 2024ರ ಏಪ್ರಿಲ್ 1ರಿಂದ ಸೀಸದ ರೈಫಲ್ ಗುಂಡುಗಳಿಗೂ ವಿದಾಯ ಹೇಳಿತು. ಸಂಚು ನಡೆದಿದ್ದರೆ ಅದು ತೀರಾ ಸೋತ ಸಂಚು.

ಸಾವಿರಾರು ಮೈಲಿ ದೂರದ ಈ ಜಗಳ ಘಟ್ಟದ ಜನರಿಗೇಕೆ ಎಂದರೆ, ಇದೇ ಪಾಠವನ್ನು ಈ ನೆಲ ಬೇರೊಂದು ವಿಷದಿಂದ ಕಲಿತಿದೆ. ದನಗಳ ನೋವಿಗೆ ಚುಚ್ಚುತ್ತಿದ್ದ ಡೈಕ್ಲೊಫೆನ್ಯಾಕ್ ಸತ್ತ ದನದ ಮೂಲಕ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸುತ್ತದೆಂದು ತಿಳಿದದ್ದು 2004ರಲ್ಲಿ. ಭಾರತ ಪಶುವೈದ್ಯದಲ್ಲಿ ಅದನ್ನು ನಿಷೇಧಿಸಿದ್ದು 2006ರಲ್ಲಿ. ಅಷ್ಟರಲ್ಲಿ ಒಂದು ಕಾಲದಲ್ಲಿ ಊರೂರಿಗೂ ಇದ್ದ ಬಿಳಿಬೆನ್ನಿನ ರಣಹದ್ದು ನೂರಕ್ಕೆ ತೊಂಬತ್ತೊಂಬತ್ತಕ್ಕೂ ಮಿಕ್ಕಿ ಅಳಿದಿತ್ತು. ಬಂಡೀಪುರ, ನೀಲಗಿರಿಯ ಸೀಮೆಯಲ್ಲಿ ಉಳಿದಿರುವ ಹಿಡಿಯಷ್ಟು ಹಕ್ಕಿಗಳು ಇಂದಿಗೂ ಹೆಣವನ್ನೇ ನಂಬಿವೆ. ಔಷಧಿಯಾಗಲಿ ಗುಂಡಾಗಲಿ, ತಯಾರಾದದ್ದು ದನಕ್ಕೆ, ಜಿಂಕೆಗೆ. ಮುಂದಿನ ಸಾಲಿನಲ್ಲಿ ಉಣ್ಣಲು ಕುಳಿತವರನ್ನು ಪರೀಕ್ಷೆಯ ಪಟ್ಟಿಯಲ್ಲಿ ಯಾರೂ ಬರೆದಿರಲಿಲ್ಲ. ಬೆಳೆಗೆ ನುಗ್ಗುವ ಹಂದಿಯನ್ನು ಅನುಮತಿ ಪಡೆದು ಕೊಲ್ಲುವ ಮಾತು ಘಟ್ಟದುದ್ದಕ್ಕೂ ಕೇಳಿಬರುತ್ತಿರುವ ಈ ದಿನಗಳಲ್ಲಿ, ಯಾವ ಗುಂಡಿನಿಂದ, ಹೆಣವನ್ನು ಏನು ಮಾಡುತ್ತೀರಿ ಎಂಬ ಪ್ರಶ್ನೆಯನ್ನು ಕೇಳುವವರು ಕಾಣುವುದಿಲ್ಲ.

ಅರಿಜೋನದಲ್ಲಿ ಕೇಳಿದರು. ಅಲ್ಲಿನ ಕೈಬಾಬ್ ಪ್ರಸ್ಥಭೂಮಿಯ ಬಳಿ 1996ರಿಂದ ಕಾಂಡೋರ್‌ಗಳನ್ನು ಹಾರಬಿಡಲಾಗುತ್ತಿದೆ. ನಿಷೇಧ ಹೇರದೆ, 2005ರಿಂದ ರಾಜ್ಯದ ಬೇಟೆ ಇಲಾಖೆಯೇ ಅಲ್ಲಿಗೆ ಬರುವ ಬೇಟೆಗಾರರಿಗೆ ತಾಮ್ರದ ಗುಂಡುಗಳನ್ನು ಪುಕ್ಕಟೆಯಾಗಿ ಕೊಡತೊಡಗಿತು. ಸೀಸ ಬಳಸಿದವರು ಕರುಳಿನ ರಾಶಿಯನ್ನು ಕಾಡಿನಲ್ಲಿ ಬಿಡದೆ ಚೀಲದಲ್ಲಿ ಹೊತ್ತು ತರಬೇಕೆಂದು ಬೇಡಿಕೊಂಡಿತು. ಹತ್ತರಲ್ಲಿ ಎಂಟು ಜನ, ಕೆಲವು ವರ್ಷ ಒಂಬತ್ತು ಜನ, ಸ್ವಇಚ್ಛೆಯಿಂದ ಒಪ್ಪಿಕೊಂಡರು. ಯಾರನ್ನೂ ಬೇಟೆವಿರೋಧಿಯೆಂದು ಬೈಯಬೇಕಾಗಿ ಬರಲಿಲ್ಲ. ಆದರೂ ಅಲ್ಲಿನ ಹಕ್ಕಿಗಳ ರಕ್ತದಲ್ಲಿ ಸೀಸ ಸಿಗುತ್ತಲೇ ಇದೆ. ಉಳಿದ ಒಬ್ಬಿಬ್ಬರು ಬಿಟ್ಟ ರಾಶಿಗಳು ಸಾಕಾಗುತ್ತವೆ. ಸಾಲದ್ದಕ್ಕೆ, ಕಾಂಡೋರ್ ಒಂದೇ ದಿನದಲ್ಲಿ ನೂರಾರು ಕಿಲೋಮೀಟರ್ ಹಾರಬಲ್ಲ ಪಕ್ಷಿ. ಬೇಟೆಯ ಋತುವಿನಲ್ಲಿ ಅದು ಗಡಿ ದಾಟಿ ಪಕ್ಕದ ಯೂಟಾ ರಾಜ್ಯದ ಬೆಟ್ಟಗಳಿಗೂ ಮೇವು ಹುಡುಕಿ ಹೋಗುತ್ತದೆ.